ಶಿಲಾವೇಷದ ಸಸ್ಯ

ನಮ್ಮ ತಾರಸಿಯ ಮೂಡಣ ಮೂಲೆಯಲ್ಲಿರುವ ಆ ಕುಂಡವನ್ನು ಕಂಡ ಅತಿಥಿಗಳು, ಬರಿಯ ಬೆಣಚುಕಲ್ಲುಗಳನ್ನು ತುಂಬಿಟ್ಟು ಅದರ ಮೇಲೆ ಮಳೆ ಬೀಳದಂತೆ ಪಾರದರ್ಶಕವಾದ ಮಾಡನ್ನು ಹೊದಿಸಿರುವುದು ಏತಕ್ಕೆಂದು ಕೇಳದೆ ಇರುವುದಿಲ್ಲ. ಬಾಗಿ ನೋಡಿದವರಿಗೂ ಕೆಲವು ಕ್ಷಣ ಕಲ್ಲುಗಳೇ ಕಾಣುತ್ತವೆ; ಬಳಿಕ, ಆ ಬೂದು ಕಂದು ಉಂಡೆಗಳ ನಡುವೆ ನಾಲ್ಕರ ನೆತ್ತಿಯ ಮೇಲೆ ಮಾತ್ರ ಸೀಳಿದಂತಹ ಗೆರೆಯೊಂದಿರುವುದೂ, ಆ ನೆತ್ತಿಗಳು ಒದ್ದೆಗಾಜಿನಂತೆ ಮಂದವಾಗಿ ಬೆಳಕನ್ನು ಹೀರುತ್ತಿರುವುದೂ ಗೋಚರಿಸಿದಾಗ, ಅವು ಗಿಡಗಳೆಂಬ ಅರಿವು ಮೂಡುವುದು.

ಇವುಗಳ ತವರು ದಕ್ಷಿಣ ಆಫ್ರಿಕ ಮತ್ತು ನಮೀಬಿಯಗಳ ಶುಷ್ಕಭೂಮಿ. 1811ರಲ್ಲಿ ಪ್ರೀಸ್ಕ ಎಂಬಲ್ಲಿನ ಸಮೀಪ ಸಂಚರಿಸುತ್ತಿದ್ದ ವಿಲಿಯಂ ಬರ್ಚೆಲ್ ಎಂಬ ಆಂಗ್ಲ ಸಸ್ಯಾನ್ವೇಷಕನು, ಕಲ್ಲುಹಾಸಿನ ನೆಲದಿಂದ ವಿಚಿತ್ರಾಕಾರದ ಒಂದು ಹರಳನ್ನು ಎತ್ತಿಕೊಂಡನೆಂದೂ, ಕೈಗೆ ಬಂದ ಮೇಲೆ ಅದು ಸಸ್ಯವೆಂದು ತಿಳಿಯಿತೆಂದೂ ತನ್ನ ಪ್ರವಾಸಗ್ರಂಥದಲ್ಲಿ ದಾಖಲಿಸಿದ್ದಾನೆ. ಕಲ್ಲು ಮತ್ತು ಮುಖ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿ ಲಿಥಾಪ್ಸ್ ಎಂಬ ಹೆಸರನ್ನು 1922ರಲ್ಲಿ ಕೊಟ್ಟವನು ಎನ್. ಇ. ಬ್ರೌನ್. ಮುಂದೆ ಇವುಗಳ ಬೆನ್ನು ಹತ್ತಿ, ಪತ್ನಿಯೊಡನೆ ದಶಕಗಳ ಕಾಲ ಆ ಬೆಂಗಾಡನ್ನು ಸುತ್ತಿ, ಒಂದೊಂದು ನೆಲೆಗೂ ಒಂದೊಂದು ಸಂಖ್ಯೆಯನ್ನಿತ್ತ ಡೆಸ್ಮಂಡ್ ಕೋಲ್, ವೃತ್ತಿಯಿಂದ ಸೆಟ್ಸ್ವಾನಾ ಭಾಷೆಯ ವ್ಯಾಕರಣವನ್ನು ರಚಿಸಿದ ಭಾಷಾವಿಜ್ಞಾನಿ. ರೂಪಭೇದಗಳನ್ನು ಸೂಕ್ಷ್ಮವಾಗಿ ಗುರುತಿಸಬಲ್ಲ ಕಣ್ಣು ಶಬ್ದಗಳಿಂದ ಸಸ್ಯಗಳಿಗೆ ಹೊರಳಿದ್ದು ನನಗೆ ಬಹು ಪ್ರಿಯವಾದ ಸಂಗತಿ. ಬೀಜದ ಪೊಟ್ಟಣಗಳ ಮೇಲೆ ಇಂದಿಗೂ ಆತನ ಸಂಖ್ಯೆಗಳೇ ಇರುತ್ತವೆ.

ಇಡೀ ಗಿಡವೆಂದರೆ ದಪ್ಪನಾದ ಎರಡೇ ಎಲೆಗಳು. ಅವು ತಳದಲ್ಲಿ ಒಂದಾಗಿ ಕೂಡಿಕೊಂಡು, ತಲೆಕೆಳಗಾದ ಶಂಕುವಿನಂತೆ ನೆಲದೊಳಗೆ ಹುದುಗಿ, ನೆತ್ತಿಯನ್ನಷ್ಟೇ ಹೊರಗಿಡುತ್ತವೆ. ಆ ನೆತ್ತಿ ಒಂದು ಗವಾಕ್ಷ. ಅದರ ಮೂಲಕ ಇಳಿದ ಬೆಳಕು ಒಳಗಿನ ನಿರ್ಮಲವಾದ ಜಲಕೋಶಗಳನ್ನು ಹಾದು, ಭೂಗತವಾದ ಗೋಡೆಗಳ ಒಳಮೈಯಲ್ಲಿರುವ ಹಸಿರನ್ನು ಮುಟ್ಟುವುದರಿಂದ, ಬಿಸಿಲಿನ ಉರಿಯಿಂದ ಮರೆಯಾಗಿದ್ದುಕೊಂಡೇ ಗಿಡವು ಆಹಾರವನ್ನು ಸಿದ್ಧಪಡಿಸಿಕೊಳ್ಳುತ್ತದೆ. ಉಸಿರಾಟದ ರಂಧ್ರಗಳು ತೆರೆಯುವುದು, ನೀರು ಆವಿಯಾಗುವ ಭಯ ಕಡಿಮೆಯಾದ ರಾತ್ರಿಯಲ್ಲಿ.

ವರ್ಷಕ್ಕೊಮ್ಮೆ ಈ ಜೋಡಿ ಬದಲಾಗುತ್ತದೆ. ಹೂವು ಮುಗಿದ ಮೇಲೆ, ಹಳೆಯ ಎಲೆಗಳ ಗರ್ಭದಲ್ಲಿ, ಅವುಗಳಿಗೆ ಅಡ್ಡಲಾಗಿ, ಹೊಸ ಜೋಡಿಯೊಂದು ರೂಪುಗೊಂಡು, ತಾಯೆಲೆಗಳು ಕೂಡಿಟ್ಟ ನೀರನ್ನೂ ಸತ್ತ್ವವನ್ನೂ ಹನಿಹನಿಯಾಗಿ ಹೀರಿಕೊಳ್ಳುತ್ತ ಬೆಳೆಯುತ್ತದೆ. ತಾಯೆಲೆಗಳು ಸುಕ್ಕುಗಟ್ಟಿ, ಕಡೆಗೆ ಕಾಗದದಷ್ಟು ತೆಳುವಾದ ಸಿಪ್ಪೆಯಾಗಿ ಉಳಿಯುತ್ತವೆ. ಇಷ್ಟೂ ಕಾಲ ಗಿಡಕ್ಕೆ ಹೊರಗಿನ ನೀರು ಬೇಡ.

ಬೇಡವೆಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೂ ಒಂದು ರಥಸಪ್ತಮಿಯ ಬೆಳಗ್ಗೆ, ತುಳಸಿಗೆ ನೀರೆರೆದು ಬಂದ ಅಮ್ಮ ಕುಂಡದ ಮುಂದೆ ನಿಂತು, “ಪಾಪ, ಬಾಡಿಹೋಗ್ತಿದೆಯಲ್ಲೋ, ಒಂದು ತೊಟ್ಟು ನೀರಾದರೂ ಹಾಕಬಾರದೇನೋ?” ಎಂದಾಗ, ಬೇಸಗೆಯಲ್ಲಿ ದಾರಿಯ ಗಿಡಕ್ಕೂ ನೀರೆರೆದು ಪುಣ್ಯವೆಂದುಕೊಂಡ ಮನೆಯಲ್ಲಿ ಬೆಳೆದ ನನ್ನ ಮನಸ್ಸು ತಡೆಯಲಿಲ್ಲ. ತಂಬಿಗೆಯಲ್ಲಿ ಉಳಿದದ್ದನ್ನು ಎರೆದೆ. ವಾರದೊಳಗೆ ಸುಕ್ಕುಗಳು ಮಾಯವಾದವು, ನಾವಿಬ್ಬರೂ ಹಿಗ್ಗಿದೆವು. ಮುಂದಿನ ವಾರ ಬೆರಳಿಂದ ಮುಟ್ಟಿದರೆ, ಕಳಿತ ಹಣ್ಣಿನಂತೆ ಕುಸಿದು, ಕಂದುಬಣ್ಣದ ನೀರು ಒಸರಿತು. ಒಳಗಿದ್ದ ಎಳೆಯ ಜೋಡಿಯೂ ಕೊಳೆತಿತ್ತು. ಆ ದುಃಖ ಬಹುಕಾಲ ಮಾಸಲಿಲ್ಲ.

ಈಗಿನ ಕ್ರಮವನ್ನು ಹೇಳಿಬಿಡುತ್ತೇನೆ. ಉದ್ದವಾದ ತಾಯಿಬೇರಿಗೆ ನಾಲ್ಕಂಗುಲವಾದರೂ ಆಳವಿರುವ, ತಳದಲ್ಲಿ ತೂತುಳ್ಳ ಕುಂಡ ಬೇಕು. ಮೂರು ಪಾಲು ಸಣ್ಣ ಜಲ್ಲಿ, ದಪ್ಪ ಮರಳು, ಇಟ್ಟಿಗೆ ಚೂರುಗಳನ್ನು ಜರಡಿಯಾಡಿ ಧೂಳು ತೆಗೆದು, ಒಂದು ಪಾಲು ಮಣ್ಣಿನೊಡನೆ ಬೆರೆಸುತ್ತೇನೆ, ಗೊಬ್ಬರ ಹಾಕುವುದಿಲ್ಲ. ಬೆಳಗಿನ ನಾಲ್ಕೈದು ಗಂಟೆಗಳ ಬಿಸಿಲು ಸಾಕು. ಬೆಳಕು ಸಾಲದಿದ್ದರೆ ಅವು ಕುಳ್ಳಗಿರದೆ ಕತ್ತು ನೀಳುತ್ತವೆ. ಕಾರ್ತಿಕದಲ್ಲಿ ಹೂವು ಬಾಡಿದಂದಿನಿಂದ ಯುಗಾದಿಯ ಸುಮಾರಿಗೆ ಹಳೆಯ ಸಿಪ್ಪೆ ಗರಿಗರಿಯಾಗಿ ಒಣಗುವವರೆಗೆ ನೀರೇ ಇಲ್ಲ. ಅನಂತರವೂ ಒಣಗಿದ ಗಿಡದ ಪಕ್ಕೆಯನ್ನು ಒತ್ತಿ ನೋಡಿ, ಮೆತ್ತಗಾಗಿದ್ದರೆ ಮಾತ್ರ ತಳದಿಂದ ಹರಿದುಹೋಗುವಷ್ಟು ಎರೆದು, ಮತ್ತೆ ಕುಂಡ ಪೂರ್ತಿ ಒಣಗಲು ಬಿಡುವುದು. ನಮ್ಮ ಬೆಂಗಳೂರಿನಲ್ಲಿ ಬಿಸಿಲಿಗಿಂತ ಆಷಾಢ ಶ್ರಾವಣಗಳ ತೇವವೇ ಇವಕ್ಕೆ ದೊಡ್ಡ ಶತ್ರು. ಆಗ ಮಾಡಿನ ಜೊತೆಗೆ ಗಾಳಿಯಾಡುವ ಎಡೆಯೂ ಇರತಕ್ಕದ್ದು.

ಶರತ್ಕಾಲದ ಒಂದು ಮಧ್ಯಾಹ್ನ ಆ ಸೀಳಿನಿಂದ ಸೇವಂತಿಗೆಯನ್ನು ಹೋಲುವ ಹಳದಿ ಹೂವೊಂದು ಅರಳಿ, ಗಿಡವನ್ನೇ ಮರೆಮಾಡುತ್ತದೆ. ಸಂಜೆ ಮುಚ್ಚಿಕೊಂಡು ಮರುದಿನ ಮತ್ತೆ ತೆರೆಯುತ್ತದೆ. ತನ್ನದೇ ಪರಾಗದಿಂದ ಅದು ಕಾಯಿಕಟ್ಟುವುದಿಲ್ಲವಾದ್ದರಿಂದ, ಹೋದ ವರ್ಷ ಒಟ್ಟಿಗೆ ಅರಳಿದ ಎರಡು ಗಿಡಗಳ ನಡುವೆ ಮೃದುವಾದ ಕುಂಚವನ್ನು ಆಡಿಸಿದ್ದೆ. ಕಾಯಿ ಒಣಗಿ ಬಲಿಯಲು ಎಂಟೊಂಬತ್ತು ತಿಂಗಳು ಹಿಡಿಯಿತು. ಮಳೆ ಬಂದಾಗಲೇ ಬೀಜ ಚೆಲ್ಲಬೇಕೆಂಬ ವಿವೇಕದಿಂದ, ಈ ಕಾಯಿಯ ಮುಚ್ಚಳಗಳು ಒಣಗಿದ್ದಷ್ಟೂ ಬಿಗಿದಿದ್ದು, ಒದ್ದೆಯಾದರೆ ಮಾತ್ರ ತೆರೆಯುತ್ತವೆ.

ಕಡಲೆಗಿಂತ ಚಿಕ್ಕದಾದ ಆ ಕಾಯಿಯನ್ನು ಬಿಳಿಯ ತಟ್ಟೆಯಲ್ಲಿಟ್ಟು, ಅಮ್ಮನನ್ನು ಕರೆದು, ಉದ್ಧರಣೆಯನ್ನು ಕೈಗಿತ್ತೆ. “ಈಗ ಹಾಕಬಹುದೇನೋ?” ಎಂದು ಎರಡು ಸಲ ಕೇಳಿ, ಅವರು ಒಂದು ತೊಟ್ಟು ಬಿಟ್ಟರು. ನಾವು ನೋಡುತ್ತಿರುವಂತೆಯೇ ಮುಚ್ಚಳಗಳು ಒಂದೊಂದಾಗಿ ಹಿಂದಕ್ಕೆ ಮಡಿದು, ಪುಟ್ಟ ನಕ್ಷತ್ರವೊಂದು ಬಿಚ್ಚಿಕೊಂಡಿತು. ನಡುವೆ ನಿಂತ ಹನಿಯಲ್ಲಿ ಗಸಗಸೆಗಿಂತಲೂ ಸಣ್ಣ ಬೀಜಗಳು ತೇಲುತ್ತಿದ್ದವು.