ಮಿಶ್ರ ಹುಲ್ಲುಗಾವಲಿನಲ್ಲಿ ಸಾರಜನಕ ಗೊಬ್ಬರ

ಹುಲ್ಲು ಮತ್ತು ದ್ವಿದಳ ಮೇವಿನ ಗಿಡಗಳು ಒಟ್ಟಿಗೆ ಬೆಳೆಯುವ ಮೇವಿನ ಭೂಮಿಯನ್ನು ಮಿಶ್ರ ಹುಲ್ಲುಗಾವಲು ಎನ್ನುತ್ತಾರೆ. ತಂಪು ಹವೆಯ ದೇಶಗಳಲ್ಲಿ ಹುಲ್ಲಿನ ಜೊತೆಗಾರ ಬಿಳಿ ಕ್ಲೋವರ್. ಕರ್ನಾಟಕದಲ್ಲಿ ಸ್ಟೈಲೊ, ಅಲಸಂದೆ ಮೊದಲಾದವು. ಇಂತಹ ಭೂಮಿಗೆ ಸಾರಜನಕ ಗೊಬ್ಬರ ಹಾಕಿದಾಗ ಒಟ್ಟು ಮೇವು ಹೆಚ್ಚುತ್ತದೆ, ಆದರೆ ಅದರಲ್ಲಿ ದ್ವಿದಳದ ಪಾಲು ಕುಗ್ಗುತ್ತದೆ.

ಕಾರಣಗಳು

ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಅಮೋನಿಯವಾಗಿ ಪರಿವರ್ತಿಸುತ್ತವೆ. ಇದು ದುಬಾರಿ ಕೆಲಸ: ಸಾರಜನಕದ ಒಂದು ಅಣುವಿಗೆ ಕನಿಷ್ಠ 16 ಎಟಿಪಿ ಅಣುಗಳು ವ್ಯಯವಾಗುತ್ತವೆ. ಮಣ್ಣಿನಲ್ಲಿಯೇ ನೈಟ್ರೇಟ್ ಸಿಗುವಾಗ ಸಸ್ಯವು ಗಂಟುಗಳನ್ನು ಪೋಷಿಸುವುದನ್ನು ಕಡಿಮೆ ಮಾಡುತ್ತದೆ. ಇತ್ತ ಗೊಬ್ಬರವುಂಡ ಹುಲ್ಲು ಬೇಗನೆ ಎತ್ತರವಾಗಿ, ನೆಲದ ಮೇಲೆ ಹಬ್ಬುವ ಕ್ಲೋವರಿಗೆ ಬಿಸಿಲು ತಪ್ಪಿಸುತ್ತದೆ. ಹೀಗಾಗಿ 100 ಕಿ.ಗ್ರಾಂ ಯೂರಿಯಾದಿಂದ ಬರುವ 46 ಕಿ.ಗ್ರಾಂ ಸಾರಜನಕವು ಪೂರ್ತಿಯಾಗಿ ಹೆಚ್ಚುವರಿ ಲಾಭವಲ್ಲ. ಅದರ ಒಂದು ಭಾಗ, ದ್ವಿದಳವು ಉಚಿತವಾಗಿ ಕೊಡುತ್ತಿದ್ದುದರ ಬದಲಿ ಮಾತ್ರ.

ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1856ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಪಾರ್ಕ್ ಗ್ರಾಸ್ ಪ್ರಯೋಗ ಇದಕ್ಕೆ ಪ್ರಸಿದ್ಧ ನಿದರ್ಶನ. ಸಾರಜನಕವಿಲ್ಲದೆ ರಂಜಕ ಮತ್ತು ಪೊಟ್ಯಾಷ್ ಪಡೆದ ತಾಕುಗಳಲ್ಲಿ ದ್ವಿದಳ ಸಸ್ಯಗಳು ಹುಲುಸಾದವು. ಅಮೋನಿಯಂ ಸಲ್ಫೇಟ್ ಹೆಚ್ಚಾಗಿ ಬಿದ್ದ ತಾಕುಗಳಲ್ಲಿ ಮಣ್ಣು ಹುಳಿಯಾಗಿ, ಕೆಲವೇ ಜಾತಿಯ ಹುಲ್ಲುಗಳು ಉಳಿದವು.

ಕೊಡಗಿನಲ್ಲಿ

ಕ್ಲೋವರ್ ಕೊಡಗಿನ ಸಾಂಪ್ರದಾಯಿಕ ಮೇವಲ್ಲ. ಇಲ್ಲಿ ಗದ್ದೆಗೆ ಹೊಂದಿಕೊಂಡ ಬಾಣೆ ಜಮೀನು ದನಗಳ ಮೇವು, ಸೊಪ್ಪುಗೊಬ್ಬರ ಮತ್ತು ಸೌದೆಗೆ ಆಧಾರವಾಗಿತ್ತು. ಅನೇಕ ಬಾಣೆಗಳು ಇಂದು ಕಾಫಿ ತೋಟಗಳಾಗಿವೆ. ತೋಟದ ನೆರಳಿಗೆ ಬೆಳೆಸುವ ಹಾಲುವಾಣವೂ ಬೇರಿನಲ್ಲಿ ಸಾರಜನಕ ಸ್ಥಿರೀಕರಿಸುವ ದ್ವಿದಳ ಮರ. ಮೇವಿನ ನೆಲದಲ್ಲಿ ಕಳೆಯೆನಿಸಿದ ಮುಟ್ಟಿದರೆ ಮುನಿಯೂ ಅದೇ ಕುಟುಂಬದ್ದು.

ಜಿಲ್ಲೆಯ ಮಣ್ಣು ಸಾಮಾನ್ಯವಾಗಿ ಹುಳಿ. ಯೂರಿಯಾ ಮತ್ತು ಅಮೋನಿಯಂ ಗೊಬ್ಬರಗಳು ನೈಟ್ರೇಟಾಗುವಾಗ ಹುಳಿಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಇದರಿಂದ ಬೇರುಗಂಟಿನ ಕಿಣ್ವಕ್ಕೆ ಅಗತ್ಯವಾದ ಮಾಲಿಬ್ಡಿನಂ ಸಸ್ಯಕ್ಕೆ ಸಿಗುವುದು ಕಡಿಮೆಯಾಗುತ್ತದೆ. ಸುಣ್ಣ ಹಾಕುವುದರಿಂದ ಇದು ಸುಧಾರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ, ವಿಶೇಷವಾಗಿ ಭಾಗಮಂಡಲದಂತಹ ಪಶ್ಚಿಮ ಭಾಗಗಳಲ್ಲಿ, ನೈಟ್ರೇಟ್ ನೀರಿನೊಂದಿಗೆ ಬಸಿದುಹೋಗುತ್ತದೆ. ಆಗ ಹಾಕಿದ ಗೊಬ್ಬರ ಹುಲ್ಲಿಗೆ ಪೂರ್ತಿ ದಕ್ಕುವುದಿಲ್ಲ, ತೊರೆಗಳನ್ನು ಸೇರುತ್ತದೆ.

ನಿರ್ವಹಣೆ

ದ್ವಿದಳವನ್ನು ಉಳಿಸಿಕೊಳ್ಳಬೇಕಾದ ಕಡೆ ಸಾರಜನಕವನ್ನು ಸಣ್ಣ ಕಂತುಗಳಲ್ಲಿ, ಜಡಿಮಳೆಯ ದಿನಗಳನ್ನು ಬಿಟ್ಟು ಕೊಡುತ್ತಾರೆ. ಹುಲ್ಲು ಎತ್ತರವಾಗುವ ಮೊದಲೇ ಕೊಯ್ಯುವುದು ಅಥವಾ ಮೇಯಿಸುವುದು ಇನ್ನೂ ಮುಖ್ಯ. ಅತಿಯಾಗಿ ಗೊಬ್ಬರ ಪಡೆದ ಹುಲ್ಲಿನಲ್ಲಿ ನೈಟ್ರೇಟ್ ಸಂಗ್ರಹವಾಗಬಹುದು. ಅದು ದನದ ಮೊದಲ ಹೊಟ್ಟೆಯಲ್ಲಿ ನೈಟ್ರೈಟಾಗಿ, ರಕ್ತವು ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ತೀವ್ರವಾದರೆ ದನ ಸಾಯುತ್ತದೆ.