ಗುರಿ ಬಲೂನಿಗೆ, ಏಟು ಜೇಬಿಗೆ!

ತೇರು ಎಳೆದಾಯಿತು. ಬಾಳೆಹಣ್ಣು ದವನ ಎಸೆದಾಯಿತು. ಕಡ್ಲೆಪುರಿ, ಬೆಂಡು ಬತ್ತಾಸು ಕಟ್ಟಿಸಿಕೊಂಡಾಯಿತು. ಹೆಂಗಸರು ಬಳೆ ಅಂಗಡಿ ಮುಂದೆ ಕೂತರೆಂದರೆ ಇನ್ನೊಂದು ಗಂಟೆ ಏಳುವುದಿಲ್ಲ. ಆ ಒಂದು ಗಂಟೆಯಲ್ಲಿ ಗಂಡು ಹುಡುಗರ ಕಾಲು ತಾನಾಗಿ ತಿರುಗುವುದು ‘ಟಪ್, ಟಪ್’ ಎಂದು ಸದ್ದು ಬರುವ ಕಡೆಗೆ.

ಎಡೆಯೂರು ಸಿದ್ಧಲಿಂಗೇಶ್ವರನ ತೇರಿರಲಿ, ಗುಬ್ಬಿ ಚನ್ನಬಸವೇಶ್ವರನ ಜಾತ್ರೆಯಿರಲಿ, ಬಲೂನ್ ಹೊಡೆಯುವ ಅಂಗಡಿ ಇಲ್ಲದಿದ್ದರೆ ಹುಡುಗರ ಪಾಲಿಗೆ ಅದು ಜಾತ್ರೆಯೇ ಅಲ್ಲ. ಒಂದು ಹಲಗೆ, ಅದಕ್ಕೆ ಸಾಲಾಗಿ ಕಟ್ಟಿದ ಬಣ್ಣಬಣ್ಣದ ಬಲೂನು, ಮುಂದೊಂದು ಮೇಜು, ಮೇಜಿನ ಮೇಲೆ ಏರ್‌ಗನ್ನು, ತಟ್ಟೆಯಲ್ಲಿ ಸೀಸದ ಗುಂಡು. ಬಂಡವಾಳ ಅಷ್ಟೇ.

“ಬಾರಣ್ಣ ಬಾ, ಕೈ ನೋಡಾನ!” ಎಂದು ಅಂಗಡಿಯವನು ಕೂಗುತ್ತಾನೆ.

“ಹೊಡಿಯಲಾ, ಕಣ್ಣು ಕಾಣಕಿಲ್ವಾ ನಿಂಗೆ?” ಎಂದು ಜೊತೆಗಾರರು ಚುಚ್ಚುತ್ತಾರೆ.

ಅಲ್ಲಿಗೆ ಹುಡುಗ ಸಿಕ್ಕಿಬಿದ್ದ.

ಇದೇ ಹುಡುಗ ಬೇಸಿಗೆ ರಜಕ್ಕೆ ತಿಪಟೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ಚಿಕ್ಕಪ್ಪನ ಮನೆಗೆ ಹೋಗುತ್ತಾನೆ. ಚಿಕ್ಕಪ್ಪನ ಮಗ ಅವನನ್ನು ಮಾಲಿಗೆ ಕರೆದೊಯ್ಯುತ್ತಾನೆ. ಅಲ್ಲೊಂದು ಆಳೆತ್ತರದ ಪೆಟ್ಟಿಗೆ, ಅದರ ತುಂಬ ಪರದೆ, ವೈರಿನ ತುದಿಗೆ ಪ್ಲಾಸ್ಟಿಕ್ ಬಂದೂಕು. ಪರದೆಯೊಳಗಿಂದ ಕಳ್ಳರು ಬರುತ್ತಾರೆ, ಪೊಲೀಸರು ಬರುತ್ತಾರೆ, ಸತ್ತ ಹೆಣಗಳೂ ಎದ್ದು ಬರುತ್ತವೆ. ಹೊಡೆದರೆ ಉಳಿದೆ, ಬಿಟ್ಟರೆ ಸತ್ತೆ. ಕಾರ್ಡಿನಲ್ಲಿದ್ದ ದುಡ್ಡು ಹೋಗುವುದು ಮಾತ್ರ ಎರಡರಲ್ಲೂ ಖಾತ್ರಿ.

ಜಾತ್ರೆ ಅಂಗಡಿಗೂ ಮಾಲಿನ ಪೆಟ್ಟಿಗೆಗೂ ನೋಟದಲ್ಲಿ ಅಜಗಜಾಂತರ. ಕಸುಬು ಒಂದೇ. ಬಂದೂಕು ಹಿಡಿದವನ ಅವಸರವೇ ಎರಡಕ್ಕೂ ಆದಾಯ.

ಮೊದಲ ಗುಂಡು ಬಂದೂಕಿನ ಪರೀಕ್ಷೆಗೆ

ಜಾತ್ರೆಯ ಏರ್‌ಗನ್ನಿನಲ್ಲಿ ಮದ್ದಿಲ್ಲ. ನಳಿಗೆಯನ್ನು ಮಧ್ಯಕ್ಕೆ ಮಡಿಸಿದರೆ ಒಳಗಿನ ಸ್ಪ್ರಿಂಗು ಮುದುರುತ್ತದೆ. ಟ್ರಿಗರ್ ಒತ್ತಿದಾಗ ಸ್ಪ್ರಿಂಗು ಚಿಮ್ಮಿ, ಗಾಳಿ ಒತ್ತರಿಸಿ, ನಾಲ್ಕೂವರೆ ಮಿಲಿಮೀಟರಿನ ಸೀಸದ ಗುಂಡನ್ನು ಮುಂದಕ್ಕೆ ನೂಕುತ್ತದೆ. ಬೆಳಗಿನಿಂದ ರಾತ್ರಿ ತನಕ ನೂರಾರು ಜನ ಆ ನಳಿಗೆಯನ್ನು ಮಡಿಸುತ್ತಾರೆ, ಬಿಡಿಸುತ್ತಾರೆ. ಮಡಿಸುವ ಕೀಲು ಸಡಿಲವಾಗದೆ ಏನಾದೀತು? ಮೇಲಿನ ಗುರಿಕಡ್ಡಿ ಒಂದು ಕಡೆ ನೋಡಿದರೆ ಗುಂಡು ಇನ್ನೊಂದು ಕಡೆ ಹೋಗುತ್ತದೆ. “ಮೋಸ ಮೋಸ” ಎಂದು ಜಗಳಕ್ಕೆ ನಿಲ್ಲುವವರಿಗೆ ಇದು ತಿಳಿಯದು. ಬಹಳ ಸಲ ಅದು ಮೋಸವಲ್ಲ, ಸವೆತ.

ಇದಕ್ಕೆ ಮದ್ದಿದೆ. ಮೊದಲಿನ ಎರಡು ಗುಂಡು ಬಲೂನಿಗೆ ಅಂದುಕೊಳ್ಳಬೇಡಿ. ಅವು ಬಂದೂಕನ್ನು ಪರೀಕ್ಷೆ ಮಾಡುವುದಕ್ಕೆ. ಒಂದೇ ಬಲೂನಿಗೆ, ಒಂದೇ ರೀತಿ ಗುರಿಯಿಟ್ಟು ಎರಡು ಸಲ ಹೊಡೆಯಿರಿ. ಹಲಗೆಯ ಮೇಲೆ ಎಲ್ಲಿ ಬಿತ್ತು ನೋಡಿ. ಎರಡೂ ಎಡಕ್ಕೆ ಮೂರು ಬೆರಳು ಬಿದ್ದರೆ, ಮುಂದಿನದಕ್ಕೆ ಬಲಕ್ಕೆ ಮೂರು ಬೆರಳು ಬಿಟ್ಟು ಹಿಡಿಯಿರಿ. ಒಂದು ಎಡಕ್ಕೆ, ಒಂದು ಬಲಕ್ಕೆ ಬಿದ್ದರೆ ತಪ್ಪು ಬಂದೂಕಿನದಲ್ಲ, ನಡುಗುವ ಕೈಯದು. ಮೊಣಕೈಯನ್ನು ಮೇಜಿಗೂರಿ, ಕೆನ್ನೆಯನ್ನು ಮರಕ್ಕೆ ಒತ್ತಿ, ಅರ್ಧ ಉಸಿರು ಬಿಟ್ಟು ಹಿಡಿಯಿರಿ. ಟ್ರಿಗರನ್ನು ಎಳೆದು ಕೀಳಬೇಡಿ, ನಿಂಬೆಹಣ್ಣು ಹಿಂಡಿದ ಹಾಗೆ ಮೆಲ್ಲಗೆ ಒತ್ತಿ. ಗಾಳಿ ಬಂದಾಗ ಸುಮ್ಮನಿರಿ. ಬಿಗಿಯಾಗಿ ಊದಿದ ಬಲೂನನ್ನೇ ಆರಿಸಿ. ಬೆಳಗ್ಗೆ ಕಟ್ಟಿ ಸಂಜೆಗೆ ಸುಕ್ಕಾದ ಬಲೂನಿಗೆ ಗುಂಡು ತಗುಲಿದರೂ ಒಡೆಯುವ ಭರವಸೆ ಕಡಿಮೆ.

ಇದರ ಜೊತೆಗೆ ತಮಾಷೆಯಲ್ಲದ ಮಾತೂ ಇದೆ. ಸೀಸದ ಗುಂಡು ಗಟ್ಟಿ ಜಾಗಕ್ಕೆ ಬಡಿದರೆ ತಿರುಗಿ ಬರುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಹಲಗೆಯ ಪಕ್ಕಕ್ಕೆ ಬಂದು ಇಣುಕುವ ಚಿಳ್ಳೆಪಿಳ್ಳೆಗಳನ್ನು ಹೊಡೆಯುವವನ ಬೆನ್ನ ಹಿಂದೆ ನಿಲ್ಲಿಸಬೇಕಾದ್ದು ಅಂಗಡಿಯವನೊಬ್ಬನ ಕೆಲಸವಲ್ಲ, ಜೊತೆಗೆ ಬಂದ ಅಪ್ಪನದ್ದೂ ಹೌದು. ಗುಂಡು ಮುಟ್ಟಿದ ಕೈಯಲ್ಲಿ ಹಾಗೇ ಬೋಂಡ ತಿನ್ನುವುದೂ ಒಳ್ಳೆಯದಲ್ಲ. ಸೀಸ ವಿಷ.

ಹೊಡೆಯದ ಬಂದೂಕು

ಇನ್ನು ಮಾಲಿನ ಬಂದೂಕು. ಅದರಿಂದ ಗುಂಡು ಬರುವುದಿಲ್ಲ, ಸರಿ. ಬೆಳಕಾದರೂ ಬರುತ್ತದೆಯೇ? ಬಹಳ ಜನ ಬರುತ್ತದೆ ಅಂದುಕೊಂಡಿದ್ದಾರೆ. 1936ರಲ್ಲಿ ಅಮೆರಿಕದ ಸೀಬರ್ಗ್ ಕಂಪನಿ ತಂದ ‘ರೇ-ಓ-ಲೈಟ್’ ಎಂಬ ಬಾತುಕೋಳಿ ಆಟದಲ್ಲಿ ನಿಜವಾಗಿಯೂ ಹಾಗಿತ್ತು. ಬಂದೂಕು ಬೆಳಕು ಬಿಡುತ್ತಿತ್ತು, ಬಾತುಕೋಳಿಗೆ ಕೂರಿಸಿದ್ದ ಕಣ್ಣು ಅದನ್ನು ಹಿಡಿಯುತ್ತಿತ್ತು. ಟಿವಿ ಬಂದ ಮೇಲೆ ಲೆಕ್ಕ ಉಲ್ಟಾ ಆಯಿತು. ಕಣ್ಣು ಬಂದೂಕಿನೊಳಕ್ಕೆ ಬಂತು.

1984ರಲ್ಲಿ ಜಪಾನಿನ ನಿಂಟೆಂಡೋ ಕಂಪನಿ ಮನೆ ಟಿವಿಗೆ ತಂದ ‘ಡಕ್ ಹಂಟ್’ ಆಟವನ್ನೇ ನೋಡಿ. 1990ರ ದಶಕದಲ್ಲಿ ಅದರದ್ದೇ ನಕಲುಗಳು ಕ್ಯಾಸೆಟ್ಟು, ಬಂದೂಕು ಸಮೇತ ನಮ್ಮ ದೇಶದ ಅಂಗಡಿಗಳಿಗೂ ಬಂದವು. ಆಗ ಹುಡುಗರಾಗಿದ್ದವರಿಗೆ ನೆನಪಿದ್ದೀತು. ಟ್ರಿಗರ್ ಒತ್ತಿದ ಕೂಡಲೇ ಪರದೆ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಪೂರಾ ಕಪ್ಪಾಗುತ್ತಿತ್ತು. ಮರುಕ್ಷಣ ಹಕ್ಕಿ ಇದ್ದ ಜಾಗದಲ್ಲಿ ಮಾತ್ರ ಬಿಳೀ ಚೌಕ. ಬಂದೂಕಿನ ಮೂತಿಯಲ್ಲಿದ್ದ ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಏಟು ಬಿತ್ತು ಎಂದು ಲೆಕ್ಕ. ಬರೀ ಬೆಳಕು ಕಂಡರೆ ಸಾಲದು. ಅದಕ್ಕೇ ಬಂದೂಕನ್ನು ಬಲ್ಬಿನ ಕಡೆ ತಿರುಗಿಸಿ ಹಕ್ಕಿ ಹೊಡೆಯಲು ನೋಡಿದ ಜಾಣರಿಗೆ ಏನೂ ಗಿಟ್ಟಲಿಲ್ಲ.

ಆ ಹಳೇ ಬಂದೂಕನ್ನು ಅಟ್ಟದಿಂದ ಇಳಿಸಿ ಈಗಿನ ತೆಳ್ಳನೆಯ ಟಿವಿಗೆ ಹಿಡಿದರೆ ಕೆಲಸ ಮಾಡುವುದಿಲ್ಲ. ದಪ್ಪ ಗಾಜಿನ ಪಿಕ್ಚರ್ ಟ್ಯೂಬಿನ ವೇಗಕ್ಕೆ ಹೊಂದಿಸಿದ್ದ ಕಣ್ಣು ಅದು. ಈಚಿನ ಯಂತ್ರಗಳಲ್ಲಿ ಪರದೆಯ ಸುತ್ತ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ ಕೂರಿಸುತ್ತಾರೆ. ಬಂದೂಕಿನೊಳಗಿನ ಪುಟ್ಟ ಕ್ಯಾಮೆರಾ ಆ ದೀಪಗಳನ್ನು ನೋಡಿ ತಾನು ಎತ್ತ ತಿರುಗಿದ್ದೇನೆಂದು ತಿಳಿಯುತ್ತದೆ. ಅಂದರೆ ಇಲ್ಲಿಯೂ ಬಂದೂಕಿನ ಕೆಲಸ ನೋಡುವುದೇ.

ಆಡುವವನಿಗೆ ಈ ಪುರಾಣ ಯಾಕೆ? ಯಾಕೆಂದರೆ ಈ ಕಣ್ಣಿಗೂ ಜಾತ್ರೆ ಬಂದೂಕಿನ ರೋಗ ಹತ್ತುತ್ತದೆ. ದಿನವೆಲ್ಲ ಎತ್ತಿ ಕುಕ್ಕಿದ ಬಂದೂಕಿನ ಲೆಕ್ಕ ತಪ್ಪುತ್ತದೆ. ಆಟ ಶುರುವಾದ ಕೂಡಲೇ ಒಂದು ಗೋಡೆಗೆ ಹೊಡೆದು ಗುರುತು ಎಲ್ಲಿ ಬಿತ್ತು ನೋಡಿ. ಗುರಿ ಒಂದು ಕಡೆ, ಗುರುತು ಒಂದು ಕಡೆ ಆದರೆ ಅಲ್ಲಿನ ಹುಡುಗನನ್ನು ಕರೆದು “ಇದನ್ನು ಸರಿ ಮಾಡ್ಕೊಡಪ್ಪ” ಎನ್ನಿ. ಕೇಳುವುದಕ್ಕೆ ನಾಚಿಕೆಪಟ್ಟವನು ಕಾರ್ಡು ಖಾಲಿ ಮಾಡಿಕೊಂಡು ಬರುತ್ತಾನೆ.

ಬದುಕುವ ದಾರಿ

ಮೊದಲನೆಯ ಪಾಠಕ್ಕೆ ಕಾಸಿಲ್ಲ. ಬೇರೆಯವನು ಆಡುವಾಗ ಹಿಂದೆ ನಿಂತು ನೋಡುವುದು. ಇಂಥ ಆಟಗಳಲ್ಲಿ ಹೆಚ್ಚಿನವು ಪ್ರತಿ ಸಲವೂ ಒಂದೇ ಕ್ರಮದಲ್ಲಿ ನಡೆಯುತ್ತವೆ. ಪೀಪಾಯಿ ಹಿಂದಿನಿಂದ ಎದ್ದವನು ನಾಳೆಯೂ ಅಲ್ಲಿಂದಲೇ ಏಳುತ್ತಾನೆ. ತಿಪಟೂರು–ತುರುವೇಕೆರೆ ಬಸ್ಸಿನಲ್ಲಿ ದಿನಾ ಓಡಾಡುವವನಿಗೆ ಎಲ್ಲಿ ತಿರುವು, ಎಲ್ಲಿ ಹಳ್ಳ ಎಂದು ಕಣ್ಣು ಮುಚ್ಚಿದರೂ ಗೊತ್ತಾಗುವುದಿಲ್ಲವೆ, ಹಾಗೆ.

ಸೆಗಾ ಕಂಪನಿ 1994ರಲ್ಲಿ ತಂದ ‘ವರ್ಚುವಾ ಕಾಪ್’ ಆಟದಲ್ಲಿ ವೈರಿಯ ಸುತ್ತ ಒಂದು ಉಂಗುರ ಮೂಡುತ್ತದೆ. ಹಸಿರಿದ್ದದ್ದು ಹಳದಿಯಾಗಿ ಕೆಂಪಾದರೆ ಅವನು ಈಗ ಹೊಡೆಯುತ್ತಾನೆ ಎಂದರ್ಥ. ಹೊಸಬ ಹತ್ತಿರ ಇರುವವನನ್ನು ಹೊಡೆಯುತ್ತಾನೆ. ಪಳಗಿದವನು ಕೆಂಪಾದವನನ್ನು ಮೊದಲು ಹೊಡೆಯುತ್ತಾನೆ. ಸಾಲಗಾರರಿಂದ ಸತಾಯಿಸಿಕೊಂಡ ಯಾವ ಅಂಗಡಿಯವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾಮ್ಕೋ ಕಂಪನಿಯ ‘ಟೈಮ್ ಕ್ರೈಸಿಸ್’ನಲ್ಲಿ ಕಾಲ ಕೆಳಗೊಂದು ಪೆಡಲ್ಲು. ತುಳಿದರೆ ಆಚೆ ಬಂದು ಹೊಡೆಯಬಹುದು, ಬಿಟ್ಟರೆ ಮರೆಗೆ ಸರಿದು ಗುಂಡು ತುಂಬಿಕೊಳ್ಳಬಹುದು. ಮೇಲೆ ಗಡಿಯಾರ ಓಡುತ್ತಿರುತ್ತದೆ, ಪೂರಾ ಅಡಗಿ ಕೂರುವಂತಿಲ್ಲ. ಹುಡುಗರು ಪೆಡಲ್ಲು ತುಳಿದವರು ಕಾಲು ಎತ್ತುವುದೇ ಇಲ್ಲ, ಬ್ರೇಕ್ ಮರೆತ ಲಾರಿ ಡ್ರೈವರನ ಹಾಗೆ. ಅಲ್ಲೇ ಸಾಯುತ್ತಾರೆ. ಸೆಗಾದವರದೇ ‘ದಿ ಹೌಸ್ ಆಫ್ ದಿ ಡೆಡ್’ ಎಂಬ ಹೆಣಗಳ ಆಟದಲ್ಲಿ ಬಂದೂಕಿಗೆ ಆರೇ ಗುಂಡು. ಪರದೆಯ ಆಚೆಗೆ ಮೂತಿ ತಿರುಗಿಸಿ ಟ್ರಿಗರ್ ಒತ್ತಿದರೆ ಮತ್ತೆ ತುಂಬುತ್ತದೆ. ಆರೂ ಮುಗಿಯುವ ತನಕ ಕಾಯದೆ, ಎದುರಿಗೆ ಯಾರೂ ಇಲ್ಲದ ಕ್ಷಣದಲ್ಲಿ ತುಂಬಿಕೊಳ್ಳಬೇಕು. ತಲೆಗೆ ಗುರಿಯಿಡಬೇಕು. ಕೈ ಎತ್ತಿ “ಕಾಪಾಡಿ” ಎನ್ನುತ್ತಾ ಓಡಿ ಬರುವ ಬಡಪಾಯಿಗಳೂ ಇರುತ್ತಾರೆ. ಅವರನ್ನು ಹೊಡೆದರೆ ಹೊಡೆದವನದೇ ಒಂದು ಜೀವ ಹೋಗುತ್ತದೆ. ಇಬ್ಬರು ಆಡುವುದಾದರೆ ಪರದೆಯ ಎಡಭಾಗ ನಿನಗೆ, ಬಲಭಾಗ ನನಗೆ ಎಂದು ಮೊದಲೇ ಪಾಲು ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಒಬ್ಬನೇ ಕಳ್ಳನಿಗೆ ಇಬ್ಬರೂ ಹೊಡೆದು, ಇನ್ನೊಬ್ಬ ಕಳ್ಳ ಇಬ್ಬರನ್ನೂ ಹೊಡೆಯುತ್ತಾನೆ.

ಇಷ್ಟಾದರೂ ಒಂದು ಹಂತದಲ್ಲಿ ಸಾಯುವುದು ಇದ್ದದ್ದೇ. ಆಗ ಪರದೆಯ ಮೇಲೆ ‘ಕಂಟಿನ್ಯೂ?’ ಎಂಬ ಪ್ರಶ್ನೆ, ಕೆಳಗೆ ಒಂಬತ್ತು, ಎಂಟು, ಏಳು ಎಂದು ಇಳಿಯುವ ಎಣಿಕೆ. ಇಡೀ ಆಟದಲ್ಲಿ ಇದೇ ಅಪಾಯದ ಜಾಗ. ಹೆಣಗಳಿಂದ ತಪ್ಪಿಸಿಕೊಂಡ ಎಷ್ಟೋ ಜನ ಈ ಎಣಿಕೆಯಿಂದ ತಪ್ಪಿಸಿಕೊಂಡಿಲ್ಲ. ಎಣಿಕೆ ಶುರುವಾದೊಡನೆ ಬಂದೂಕನ್ನು ಅದರ ಗೂಡಿಗೆ ಇಟ್ಟು ಎರಡು ಹೆಜ್ಜೆ ಹಿಂದೆ ಬರಬೇಕು.

ಅಟ್ಟದ ಲೆಕ್ಕ

ಕಲ್ಪತರು ನಾಡಿನ ಹುಡುಗನಿಗೆ ಈ ಲೆಕ್ಕ ಅರ್ಥವಾಗದೆ ಇರದು. ಉಂಡೆ ಕೊಬ್ಬರಿಗೆ ಒಂದು ಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ವರ್ಷ ಕೂರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಆಮೇಲೆ ಸುಲಿದು, ಒಡೆದು, ಚೀಲ ತುಂಬಿ ತಿಪಟೂರಿನ ಮಾರುಕಟ್ಟೆಗೆ ಹೊರಬೇಕು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಹರಾಜಿನ ರೇಟು ಏರಲಿ ಇಳಿಯಲಿ, ಲೆಕ್ಕಕ್ಕೆ ಇದನ್ನೇ ಹಿಡಿಯಿರಿ. ಕಾರ್ಡಿಗೆ ಐನೂರು ರೂಪಾಯಿ ಹಾಕಿಸಿದರೆ ನಾಲ್ಕು ಕಿಲೋ ಕೊಬ್ಬರಿ ಹಾಕಿಸಿದಂತೆ. ಆಡಬಾರದು ಅಂತಲ್ಲ. ಅಪ್ಪ ವರ್ಷ ಕಾದದ್ದನ್ನು ಮಗ ಅರ್ಧ ಗಂಟೆಯಲ್ಲಿ ಹೊಡೆದು ಮುಗಿಸುವಾಗ ಎಷ್ಟು ಕಿಲೋ ಹೊಡೆದೆ ಎಂಬುದಾದರೂ ಗೊತ್ತಿರಲಿ.

ಆಟ ಕೈಚಳಕದ್ದೋ ಅದೃಷ್ಟದ್ದೋ ಎಂಬ ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿದೆ, ಅದೂ ಕರ್ನಾಟಕದಿಂದಲೇ. ವಿಡಿಯೋ ಗೇಮ್ ಅಂಗಡಿಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿದ್ದರ ವಿರುದ್ಧ ಮಾಲೀಕರು ಹೋಗಿದ್ದರು. 1995ರಲ್ಲಿ ತೀರ್ಪು ಬಂತು, ಲೈಸೆನ್ಸ್ ಬೇಕು ಎಂಬುದೇ ಗೆದ್ದಿತು. ಚಳಕದ ಆಟವಾದರೂ ಯಂತ್ರದೊಳಗೆ ಕೈಯಾಡಿಸಿದರೆ ಅದು ಅದೃಷ್ಟದ ಆಟವಾಗಿಬಿಡಬಹುದು ಎಂಬುದನ್ನು ಕೋರ್ಟು ಗಮನಿಸಿತು. ಅದು ಬಂದೂಕಿನ ಆಟಕ್ಕೆಂದೇ ನಡೆದ ಕೇಸಲ್ಲ. ಆದರೆ ಸೊಟ್ಟ ಗುರಿಕಡ್ಡಿಯ ಮುಂದೆ ನಿಂತವನಿಗೆ ಆ ಮಾತು ಬೇಗ ಅರ್ಥವಾಗುತ್ತದೆ.

ಲೈಸೆನ್ಸ್ ಎಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. 2024ರ ಮೇ 25ರಂದು ಗುಜರಾತಿನ ರಾಜಕೋಟೆಯ ಗೇಮ್ ಝೋನ್ ಒಂದಕ್ಕೆ ಬೆಂಕಿ ಬಿತ್ತು. ರಜದ ದಿನ ಆಡಲು ಬಂದಿದ್ದ ಮಕ್ಕಳೂ ಸೇರಿ 27 ಜನ ಸತ್ತರು. ಆ ಜಾಗಕ್ಕೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆಯೇ ಇರಲಿಲ್ಲ. ಅಲ್ಲಿ ‘ಕಂಟಿನ್ಯೂ’ ಎಂದು ಕೇಳುವವರು ಯಾರೂ ಇಲ್ಲ. ಮಕ್ಕಳನ್ನು ಕರೆದೊಯ್ದವರು ಒಳಗೆ ಕಾಲಿಟ್ಟ ತಕ್ಷಣ ಕೌಂಟರಿನಲ್ಲಿ ರೇಟು ಕೇಳುವ ಮೊದಲು ಹೊರಗೆ ಹೋಗುವ ಎರಡನೇ ಬಾಗಿಲು ಎಲ್ಲಿದೆ ಎಂದು ಕೇಳಲಿ. “ಅದು ಬೀಗ ಹಾಕಿದೆ ಸಾರ್” ಎಂದರೆ ಅಲ್ಲಿಂದಲೇ ವಾಪಸು.

ಜಾತ್ರೆ ಮೈದಾನದಲ್ಲಿ ಆ ಭಯವಿಲ್ಲ, ಸುತ್ತಲೂ ಬಯಲು. ಅಲ್ಲಿನ ಭಯ ಬೇರೆ. ಕತ್ತಲಾಗುತ್ತದೆ, ಚಿಕ್ಕನಾಯಕನಹಳ್ಳಿ ಕಡೆಯ ಕೊನೇ ಬಸ್ಸು ಹಾರನ್ ಹೊಡೆಯುತ್ತದೆ, ಹುಡುಗ ಜೇಬು ತಡಕುತ್ತಾನೆ. ಅನುಭವಸ್ಥರು ಬಸ್ ಚಾರ್ಜನ್ನು ಮೊದಲೇ ಬಳೆ ಅಂಗಡಿ ಮುಂದೆ ಕೂತ ಅವ್ವನ ಸೆರಗಿನ ಗಂಟಿಗೆ ಕಟ್ಟಿಸಿ ಬಂದಿರುತ್ತಾರೆ. ಬಲೂನಿನವನು ಬಾಯಿಗೆ ಹೊಸ ಬಲೂನು ಇಟ್ಟು ಊದುತ್ತಲೇ ಇರುತ್ತಾನೆ.