ಹಿಮ ತಯಾರಿಸಬಹುದು ಸರಿ, ನೀರು ಯಾರದು?

2024ರ ಜನವರಿಯಲ್ಲಿ ಸ್ಕೀಯಿಂಗ್‌ಗೆಂದು ಗುಲ್ಮಾರ್ಗ್ ತಲುಪಿದಾಗ ಕಣ್ಣಿಗೆ ಬಿದ್ದದ್ದು ಒಣಗಿದ ಕಂದು ಹುಲ್ಲು. ಬಾಡಿಗೆ ಅಂಗಡಿಗಳಲ್ಲಿ ಸ್ಕೀ, ಬೂಟುಗಳು ಜೋಡಿಸಿಟ್ಟ ಹಾಗೇ ಇದ್ದವು. ಸ್ಲೆಡ್ಜ್ ಎಳೆಯುವವರು ಬಿಸಿಲು ಕಾಯಿಸುತ್ತ ಕೂತಿದ್ದರು. ನನಗೆ ಹಾಳಾದದ್ದು ಒಂದು ರಜೆ, ಅಷ್ಟೇ. ಅವರು ಕಳೆದುಕೊಂಡದ್ದು ವರ್ಷದ ದುಡಿಮೆಯ ದೊಡ್ಡ ಪಾಲು.

ಆಗಿನಿಂದ ನಮ್ಮ ಸ್ಕೀ ಗೆಳೆಯರಲ್ಲಿ ಒಂದೇ ಮಾತು: "ಯಂತ್ರ ತಂದು ಕೃತಕ ಹಿಮ ಮಾಡ್ಬಾರ್ದಾ?" ಒಂದು ಕಾಲಕ್ಕೆ ನಾನೂ ಹಾಗೇ ಕೇಳ್ತಿದ್ದೆ. ಈಗ ಕೇಳಲ್ಲ. ಯಾಕೆ ಅಂತ ಹೇಳ್ತೀನಿ.

ಕಾಶ್ಮೀರಕ್ಕೆ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮಾರುತಗಳು. ಡಿಸೆಂಬರ್ 21ರಿಂದ 40 ದಿನಗಳ 'ಚಿಲ್ಲೈ ಕಲಾನ್' ಅಲ್ಲಿನ ಕಡುಚಳಿಯ ಕಾಲ. ಆಗ ಬಿದ್ದ ಹಿಮ ಗಟ್ಟಿಯಾಗಿ ಉಳಿದು, ಬೇಸಿಗೆಯಲ್ಲಿ ನಿಧಾನವಾಗಿ ಕರಗಿ ಭತ್ತದ ಗದ್ದೆ, ಸೇಬಿನ ತೋಟಗಳಿಗೆ ನೀರಾಗುತ್ತದೆ. ತಡವಾಗಿ ಬಿದ್ದ ಹಿಮ ಬೇಗ ಕರಗಿ ಹರಿದುಹೋಗುತ್ತದೆ. ಅಂದರೆ ನಾವು ಜಾರುವ ಇಳಿಜಾರೇ ಕೆಳಗಿನವರ ನೀರಿನ ತೊಟ್ಟಿ.

ಕೃತಕ ಹಿಮದ ಯಂತ್ರ ಮಾಡುವ ಕೆಲಸ ಸರಳ. ನೀರನ್ನು ಸಣ್ಣ ಹನಿಗಳಾಗಿ ಒಡೆದು, ಒತ್ತಡದ ಗಾಳಿಯ ಜೊತೆ ಚಿಮ್ಮಿಸುತ್ತದೆ. ಹನಿ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟಬೇಕು. ಅದಕ್ಕೆ ಗಾಳಿಯ ತೇವವನ್ನೂ ಲೆಕ್ಕ ಹಾಕುವ 'ವೆಟ್ ಬಲ್ಬ್' ತಾಪಮಾನ ಸುಮಾರು ಮೈನಸ್ 2 ಡಿಗ್ರಿಗಿಂತ ಕೆಳಗಿರಬೇಕು. ಇಲ್ಲದಿದ್ದರೆ ಬೀಳೋದು ಬರೀ ನೀರು. ಹಿಮ ಬೀಳದಿದ್ದರೆ ಯಂತ್ರ ನೆರವಾಗಬಹುದು, ಚಳಿಯೇ ಇಲ್ಲದಿದ್ದರೆ ಆಗದು.

ಇನ್ನು ನೀರಿನ ಲೆಕ್ಕ. ಒಂದು ಹೆಕ್ಟೇರ್‌ಗೆ, ಅಂದರೆ ಎರಡೂವರೆ ಎಕರೆಗೆ, 30 ಸೆಂಟಿಮೀಟರ್ ಕೃತಕ ಹಿಮ ಹಾಸಲು ಸುಮಾರು 10 ಲಕ್ಷ ಲೀಟರ್ ನೀರು ಬೇಕು. ಬೆಂಗಳೂರಿನ 12,000 ಲೀಟರ್ ಟ್ಯಾಂಕರ್ ಆದರೆ ಎಂಬತ್ತಕ್ಕೂ ಹೆಚ್ಚು. ಪಂಪು, ಕಂಪ್ರೆಸರ್‌ಗಳ ವಿದ್ಯುತ್ ಬೇರೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಬಹುತೇಕ ಪೂರ್ತಿ ಇಂಥ ಹಿಮದ ಮೇಲೇ ನಡೆಯಿತು. ದುಡ್ಡಿದ್ದರೆ ಸಾಧ್ಯ ಅನ್ನೋದನ್ನ ಅದು ತೋರಿಸಿತು, ಸರಿ ಅನ್ನೋದನ್ನಲ್ಲ.

ನಮ್ಮಲ್ಲೂ ಒಂದು ಪಾಠವಿದೆ. ಉತ್ತರಾಖಂಡದ ಔಲಿಯಲ್ಲಿ ಕೃತಕ ಹಿಮಕ್ಕಾಗಿ ಕೆರೆ ಕಟ್ಟಿದರು, ಯಂತ್ರಗಳನ್ನೂ ತಂದರು. ಆದರೂ 2023ರ ಫೆಬ್ರವರಿಯಲ್ಲಿ ಹಿಮದ ಕೊರತೆಯಿಂದ ಅಲ್ಲಿನ ಸ್ಪರ್ಧೆಗಳು ರದ್ದಾದವು. ಅದಕ್ಕೂ ಒಂದು ತಿಂಗಳ ಹಿಂದೆ ಕೆಳಗಿನ ಜೋಶಿಮಠದಲ್ಲಿ ನೆಲ ಕುಸಿದು ಮನೆಗಳು ಬಿರುಕುಬಿಟ್ಟಿದ್ದವು, ಔಲಿಯ ರೋಪ್‌ವೇ ನಿಂತಿತ್ತು. ಬೆಟ್ಟದ ಮೇಲೆ ಏನೇ ಕಟ್ಟಿದರೂ ಅದರ ಭಾರ ಕೆಳಗಿನ ಊರಿನ ಮೇಲೂ ಬೀಳಬಹುದು ಅನ್ನೋದನ್ನ ಮರೆಯುವಂತಿಲ್ಲ.

ಹಾಗಾದರೆ ಸ್ಕೀಯಿಂಗ್ ಬಿಡಬೇಕಾ? ನಾನಂತೂ ಬಿಟ್ಟಿಲ್ಲ. ಹಿಮ ತೆಳುವಾಗಿದ್ದಾಗ ಹಳೇ ಸ್ಕೀ ತಗೊಂಡು ಹೋಗ್ತೀನಿ. ಕಲ್ಲಿಗೆ ತಾಗಿ ಅಡಿಭಾಗ ಗೀರಿದರೆ ಪ್ಲಾಸ್ಟಿಕ್ ಕರಗಿಸಿ ತುಂಬಿಸ್ತೀನಿ. ಹೊಸದು ಕೊಳ್ಳೋದು ಕಡಿಮೆ ಮಾಡಿದೀನಿ. ಎರಡು ಸಲ ವಿಮಾನ ಹತ್ತುವ ಬದಲು ಒಂದೇ ಸಲ ಹೋಗಿ ಹೆಚ್ಚು ದಿನ ಇರ್ತೀನಿ. 2025ರ ಜೂನ್‌ನಿಂದ ಕಟ್ರಾ-ಶ್ರೀನಗರ ನಡುವೆ ರೈಲೂ ಓಡುತ್ತಿದೆ, ಸಮಯವಿದ್ದವರಿಗೆ ಅದೂ ಒಂದು ದಾರಿ.

ಆದರೆ ಇದು ಒಬ್ಬೊಬ್ಬರ ಒಳ್ಳೆಯತನದಿಂದ ಮುಗಿಯುವ ವಿಷಯ ಅಲ್ಲ. ಹಿಮದ ಯಂತ್ರಕ್ಕೆ ಸರ್ಕಾರದ ಹಣ ಕೇಳುವವರು ಮೊದಲು ಮೂರು ಉತ್ತರ ಕೊಡಲಿ: ನೀರು ಯಾವ ತೊರೆಯಿಂದ? ಆ ತೊರೆ ನಂಬಿದ ಹಳ್ಳಿಗಳು ಒಪ್ಪಿವೆಯಾ? ಅದೇ ಹಣದಲ್ಲಿ ಹಿಮ ಬೀಳದ ವರ್ಷ ಸ್ಲೆಡ್ಜ್ ಎಳೆಯುವವರಿಗೆ, ಕುದುರೆಯವರಿಗೆ, ಗೈಡ್‌ಗಳಿಗೆ ಪರಿಹಾರ ಕೊಡಬಹುದಲ್ಲ?

ನನ್ನ ರಜೆ ಉಳಿಸೋಕೆ ಯಾರದೋ ಗದ್ದೆಯ ನೀರು ಬೇಡ.